ನಮ್ಮ ಗಾಂಜಾ ಕ್ಲಬ್ಬಿನ ಎಂಟನೇ ಸದಸ್ಯರು

ಸೇಡಂನ ಕಲ್ಯಾಣ ಮಂಟಪದಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆದಾಗ ಒಂಬತ್ತು ಜನ ಮಾತಾಡಿದರು. ಒಂಬತ್ತೂ ಜನ ಕಣ್ಣೊರೆಸಿಕೊಂಡರು. ಆ ಒಂಬತ್ತರಲ್ಲಿ ಇಬ್ಬರಿಗೆ ತೀರಿಕೊಂಡವರ ಪರಿಚಯವೇ ಇರಲಿಲ್ಲ. ‘ಎರಡು ಮಾತಾಡಬೇಕು’ ಎಂದು ನಾನೂ ಒಂದು ಚೀಟಿ ಕಳಿಸಿದೆ. ನಿರೂಪಕರು ಚೀಟಿ ಓದಿದರು, ನನ್ನ ಮುಖ ನೋಡಿದರು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಮೌನಾಚರಣೆ ಘೋಷಿಸಿದರು. ಆ ಎರಡು ಮಾತು ನನ್ನ ಹತ್ತಿರವೇ ಉಳಿದವು. ರೈಲಿನಲ್ಲಿ ವಾಡಿ ಮುಟ್ಟುವಷ್ಟರಲ್ಲಿ ಅವು ಎರಡಾಗಿ ಉಳಿದಿರಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಗೌರವದಿಂದಲ್ಲ. ತಮ್ಮ ಹೆಸರು ಯಾವ ಕಾಗದದ ಮೇಲೂ ಬೀಳದಂತೆ ಆ ಮನುಷ್ಯ ಜೀವಮಾನವಿಡೀ ಪಟ್ಟ ಶ್ರಮ ನನಗೆ ಗೊತ್ತು. ಸತ್ತವರ ಆಸೆಯನ್ನು ಒಂದಷ್ಟಾದರೂ ನಡೆಸಿಕೊಡಬೇಕು. ಉಳಿದಷ್ಟನ್ನು ನಡೆಸಿಕೊಡುವ ಇರಾದೆ ನನಗಿಲ್ಲ.

ಎತ್ತರದ ಆಳು, ಬಿಳಿ ಸಫಾರಿ, ಎಡಗೈಯಲ್ಲಿ ಅಗಲವಾದ ಸ್ಟೀಲ್ ಪಟ್ಟಿಯ ಗಡಿಯಾರ, ಬಗಲಲ್ಲಿ ಕೆಂಪು ರೆಗ್ಸಿನ್ ಚೀಲ. ಚೀಲದಲ್ಲಿ ಸದಾ ಮೂರು ನಾಲ್ಕು ಬೈಲಾಗಳು, ಅಂದರೆ ಸಂಘದ ನಿಯಮಾವಳಿಗಳು, ಸಿದ್ಧವಾಗಿ ಇರುತ್ತಿದ್ದವು. ಹೆಸರಿನ ಜಾಗ ಮಾತ್ರ ಖಾಲಿ. ಇಬ್ಬರು ನಿಂತು ಮಾತಾಡುವುದು ಕಂಡರೆ ಅವರಿಗೆ ಇನ್ನೈದು ಜನರ ಕೊರತೆ ಮಾತ್ರ ಕಾಣಿಸುತ್ತಿತ್ತು, ಯಾಕೆಂದರೆ ಸಂಘ ನೋಂದಾಯಿಸಲು ಏಳು ಜನ ಬೇಕು. ಶಹಾಬಾದಿನ ಫರ್ಸಿ ಕಲ್ಲು ಪಾಲಿಶ್ ಮಾಡುವವರಿಗೆ ಒಂದು ಸಂಘ, ಚಿತ್ತಾಪುರದ ಪಿಂಚಣಿದಾರರಿಗೆ ಎರಡು ಸಂಘ (ಮೊದಲನೆಯದು ಒಡೆದಿದ್ದರಿಂದ), ಸೇಡಂನಲ್ಲಿ ಧ್ವನಿವರ್ಧಕ ವಿರೋಧಿಗಳ ಸಂಘ. ಈ ಕೊನೆಯದರ ಉದ್ಘಾಟನೆ ನಾಲ್ಕು ಧ್ವನಿವರ್ಧಕ ಕಟ್ಟಿ ವಿಜೃಂಭಣೆಯಿಂದ ನಡೆಯಿತು.

ಇಷ್ಟೆಲ್ಲ ಸಂಘ ಕಟ್ಟಿದವರು ಒಂದರಲ್ಲೂ ಸದಸ್ಯರಾಗಿರಲಿಲ್ಲ. ಅವರು ಸಲಹೆಗಾರರು. ಸಂಘ ಬೆಳಗಿದರೆ ವೇದಿಕೆಯ ಮಧ್ಯದ ಕುರ್ಚಿಯಲ್ಲಿ ಸಿಗುತ್ತಿದ್ದರು. ಸಂಘದಲ್ಲಿ ಜಗಳ ಹತ್ತಿ ಕೋರ್ಟಿಗೆ ಹೋದರೆ, ‘ನಾ ಬರೇ ಸಲಹೆ ಕೊಡಾಂವ್ರಿ. ಮೆಂಬರ್ ಲಿಸ್ಟ್ ತೆಗದು ನೋಡ್ರಿ’ ಎನ್ನುತ್ತಿದ್ದರು. ಫೋಟೋ ತೆಗೆಯುವಾಗಲೂ ಅಷ್ಟೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಎತ್ತರ ಗಿಡ್ಡ ನೋಡಿ ಸರಿಪಡಿಸಿ, ‘ಹಾಂ, ಹೊಡೀರಿ’ ಎಂದು ಹೇಳಿ ಕೊನೆಯ ಗಳಿಗೆಯಲ್ಲಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದುಬಿಡುವರು. ಈ ಭಾಗದ ಅದೆಷ್ಟೋ ಗ್ರೂಪ್ ಫೋಟೋಗಳ ಅಂಚಿನಲ್ಲಿ ಒಂದು ಮೊಣಕೈ, ಸ್ಟೀಲ್ ಗಡಿಯಾರ ಕಾಣಿಸುತ್ತದೆ. ಅದೇ ಅವರು.

ನಾನು ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕ್ಲಾರ್ಕ್ ಆಗಿ ನಿವೃತ್ತನಾದವನು. ಕಾರ್ಮಿಕನಿಗೆ ಕೈಗವಸು ಕೊಟ್ಟರೆ ಸಹಿ, ಸಾಬೂನು ಕೊಟ್ಟರೆ ಸಹಿ. ಹೆಲ್ಮೆಟ್ಟು ತಲೆಗೆ ಸರಿಯಾಗಿ ಕೂತಿದೆ ಎಂಬುದಕ್ಕೂ ಸಹಿ. ನನ್ನ ಮದುವೆಯಲ್ಲಿ ಉಡುಗೊರೆ ಕೊಟ್ಟವರಿಂದಲೂ ಸಹಿ ತೆಗೆದುಕೊಂಡೆನೆಂದು ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ. ತೆಗೆದುಕೊಂಡಿದ್ದು ನಿಜ. ಈ ಚಾಳಿ ಮುಂದೆ ಉಪಯೋಗಕ್ಕೆ ಬಂತು.

ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ಸುಲೇಪೇಟದವರು. ಕಲ್ಲುಗಣಿಯಲ್ಲಿ ಮೊಣಕಾಲು ಕಳೆದುಕೊಂಡು, ಉಳಿದ ಕಂಠವನ್ನು ಭಜನೆಗೆ ಇಟ್ಟುಕೊಂಡವರು. ಏಕತಾರಿ ಹಿಡಿದು ತತ್ವಪದ ಎತ್ತಿದರೆಂದರೆ ಬಸ್ ಸ್ಟ್ಯಾಂಡಿನಲ್ಲಿ ಕಲಬುರಗಿ ಬಸ್ಸಿಗೆ ಕಾದವರು ಬಸ್ಸು ಬಿಟ್ಟುಕೊಡುತ್ತಿದ್ದರು. ಆ ಭಜನಾ ಮೇಳದಲ್ಲಿ ಆರು ಜನ ಮುದುಕರು. ದಪ್ಪು ಬಾರಿಸುವ ಮಹಬೂಬ್ ಅವರಲ್ಲೊಬ್ಬ. ಎರಡು ಪದಗಳ ನಡುವೆ ಒಂದು ಗಾಂಜಾ ಚಿಲುಮೆ ಕೈಯಿಂದ ಕೈಗೆ ಹೋಗುವುದು ಅವರ ಗುರುವಿನ ಗುರುವಿನ ಕಾಲದಿಂದ ಬಂದ ರೂಢಿ. ಊರಿಗೆ ಗೊತ್ತಿತ್ತು. ಊರು ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿತ್ತು. ಯಾರೂ ಯಾರಿಗೂ ಹೇಳುತ್ತಿರಲಿಲ್ಲ, ಯಾರೂ ಎಲ್ಲಿಯೂ ಬರೆದಿಡುತ್ತಿರಲಿಲ್ಲ.

ನಮ್ಮ ಸಲಹೆಗಾರರು ಒಮ್ಮೆ ಭಜನೆ ಕೇಳಲು ಬಂದು ಇದನ್ನು ಕಂಡರು. ಕಂಡವರೇ ಚೀಲಕ್ಕೆ ಕೈ ಹಾಕಿದರು. ಆ ದಿನ ನಾನೂ ಅಲ್ಲಿದ್ದೆ. ಅವರ ಲೆಕ್ಕಕ್ಕೆ ಏಳನೆಯವನಾಗಿ.

‘ಅಲ್ರೀ, ಹಿಂಗ ಕದ್ದುಮುಚ್ಚಿ ಯಾಕ ಸೇದ್ತೀರಿ? ನೀವೇನ್ ಕಳ್ಳರೇನ್ರಿ? ಪರದೇಶದಾಗ ಇದಕ್ಕ ಕ್ಲಬ್ ಅವ. ಮೆಂಬರ್ ಆಗ್ತಾರ, ತಾವೇ ಬೆಳೀತಾರ, ಖುಲ್ಲಂಖುಲ್ಲಾ ಸೇದ್ತಾರ. ಪೊಲೀಸರು ಬಂದ್ರ ಸಲಾಂ ಹೊಡದು ಹೋಗ್ತಾರ.’

ಮಹಬೂಬ್ ದಪ್ಪು ಕೆಳಗಿಟ್ಟ. ‘ಸಾಹೇಬ್ರ, ಅದು ಪರದೇಶ. ಇದು ಸುಲೇಪೇಟ.’

‘ಕಾಯ್ದೆ ಎಲ್ಲಾ ಕಡಿ ಕಾಯ್ದೆನೇ ಮಹಬೂಬ್. ಏಳು ಮಂದಿ ಸಹಿ, ಒಂದು ಬೈಲಾ, ಒಂದು ನೋಂದಣಿ ನಂಬರ್. ನಂಬರ್ ಬಂತಂದ್ರ ಮುಗೀತು.’

‘ಗಿಡ ಹಚ್ಚಿದ್ರ ಹಿಡೀತಾರ್ರಿ’ ಎಂದರು ಭಾವ.

‘ಯಾರ್ ಹೇಳ್ಯಾರ? ಎಲಿಗೆ ಕಾಯ್ದೆದಾಗ ಮಾಫಿ ಅದ. ಭಂಗಿ ಅಂದ್ರ ಏನು? ಎಲಿ. ಎಲಿ ಮಾಫ್ ಅಂದಮ್ಯಾಲ ಗಿಡ ಮಾಫ್ ಇರಲೇಬೇಕು. ಎಲಿ ಏನ್ ಆಕಾಶದಿಂದ ಉದುರ್ತದೇನ್ರಿ?’

 ಈ ಪ್ರಶ್ನೆಗೆ ಉತ್ತರ ಕಾಯ್ದೆಯಲ್ಲಿದೆ, ಮುಂದೆ ಸರಕಾರಿ ವಕೀಲರು ಓದಿ ಹೇಳಿದರು: ಬರೀ ಎಲೆಯನ್ನು ಗಾಂಜಾ ಎಂದು ಲೆಕ್ಕಿಸದೆ ಬಿಟ್ಟ ಕಾಯ್ದೆಯೇ ಗಿಡ ಬೆಳೆಸುವುದನ್ನು ಅಪರಾಧ ಎನ್ನುತ್ತದೆ, ಎಲೆ ಎಲ್ಲಿಂದ ಉದುರಬೇಕು ಎಂಬುದು ಎಲೆಯ ಸ್ವಂತ ಚಿಂತೆ. ಆದರೆ ಅಂದು ಭಾವನ ಕಟ್ಟೆಯ ಮೇಲೆ ಇದು ನಮಗೆ ವೇದಾಂತದಂತೆ ಕೇಳಿಸಿತು. ‘ಮಾರಿದ್ರ ಗುನ್ಹೆ, ನಮ್ಮೊಳಗ ನಾವ್ ಹಂಚ್ಕೊಂಡ್ರ ಪ್ರಸಾದ’ ಎಂಬ ಇನ್ನೊಂದು ವಾಕ್ಯವನ್ನೂ ಅವರು ಅಪ್ಪಣೆ ಕೊಡಿಸಿದರು. ಹಂಚಿಕೊಳ್ಳುವುದೂ ಗುನ್ಹೆಯೇ ಎಂದು ತಿಳಿಯುವ ಹೊತ್ತಿಗೆ ಪ್ರಸಾದ ಮುಗಿದಿತ್ತು.

ನನ್ನನ್ನು ಕೇಳಿದರೆ, ನಾನು ನಂಬಿದ್ದು ಅವರ ತರ್ಕವನ್ನಲ್ಲ, ಅವರು ಮಾಡಿಸಿ ತಂದ ನೋಂದಣಿ ಪ್ರಮಾಣಪತ್ರವನ್ನು. ಅದರ ಮೇಲೆ ದುಂಡನೆಯ ಮೊಹರಿತ್ತು. ಜೀವಮಾನವಿಡೀ ದುಂಡು ಮೊಹರನ್ನು ನಂಬಿದವನು ನಾನು. ಆ ಪತ್ರ ಹೇಳುತ್ತಿದ್ದುದು ಇಷ್ಟೇ: ಹೀಗೊಂದು ಸಂಘ ಇದೆ. ಅದು ಏನು ಬೇಕಾದರೂ ಮಾಡಬಹುದು ಎಂದು ಹೇಳಿರಲಿಲ್ಲ. ಬೈಲಾದಲ್ಲಿ ನಮ್ಮ ಉದ್ದೇಶ ‘ಭಜನಾ ಪರಂಪರೆ ಹಾಗೂ ಗಿಡಮೂಲಿಕೆಗಳ ಸಂರಕ್ಷಣೆ’ ಎಂದಿತ್ತು.

‘ಗಾಂಜಾ ಅನ್ನೋ ಶಬ್ದ ಎಲ್ಲದ್ರಿ ಇದ್ರಾಗ?’ ಎಂದು ಕೇಳಿದೆ.

‘ಗಿಡಮೂಲಿಕೆ ಅಂದ್ರ ಎಲ್ಲಾ ಬಂತು. ನೀವ್ ಕ್ಲಾರ್ಕ್ ಮಂದಿ ಭಾಳ ಸಂಶಯ ನೋಡ್ರಿ’ ಎಂದು ನನ್ನನ್ನೇ ಕಾರ್ಯದರ್ಶಿ ಮಾಡಿದರು. ಭಾವ ಅಧ್ಯಕ್ಷರು. ಏಳೂ ಜನಕ್ಕೆ ಫೋಟೋ ಅಂಟಿಸಿ, ಲ್ಯಾಮಿನೇಷನ್ ಮಾಡಿಸಿದ ಸದಸ್ಯತ್ವದ ಕಾರ್ಡು. ಅವರಿಗೆ ಕಾರ್ಡಿಲ್ಲ.

ಉದ್ಘಾಟನೆಯನ್ನು ಅವರು ಸರಕಾರಿ ಕಾರ್ಯಕ್ರಮದ ಶಿಷ್ಟಾಚಾರದಂತೆ ನಡೆಸಿದರು. ಸಭೆ ಶುರುವಾಗುವುದು ಹೇಗೆ? ಸಸಿಗೆ ನೀರೆರೆಯುವ ಮೂಲಕ. ಅಂಥ ಸಭೆಗಳನ್ನು ನೂರಾರು ನೋಡಿದ್ದೇನೆ. ಕುಂಡದಲ್ಲಿ ತುಳಸಿಯೋ ಬೇವೋ ಇರುತ್ತದೆ. ನಮ್ಮಲ್ಲಿ ಸಂಘದ ಲೆಕ್ಕದಲ್ಲಿ ಭಾವನ ಹಿತ್ತಲಿನಲ್ಲಿ ಹಚ್ಚಿದ್ದ ಹನ್ನೊಂದು ಗಾಂಜಾ ಗಿಡಗಳಲ್ಲಿ ಚೆನ್ನಾಗಿ ಚಿಗುರಿದ್ದನ್ನು ಕುಂಡಕ್ಕೆ ಎತ್ತಿ ತಂದು ವೇದಿಕೆಯ ಮೇಲಿಟ್ಟು, ಅದಕ್ಕೆ ಕುಂಕುಮ ಹಚ್ಚಿ, ಹಿತ್ತಾಳೆ ತಂಬಿಗೆಯಿಂದ ಏಳೂ ಜನ ಸಾಲಾಗಿ ನೀರೆರೆದೆವು. ಬೀಜ ಎಲ್ಲಿಂದ ಬಂದವು ಎಂಬುದು ನಾನು ಬರೆದಿಟ್ಟ ಸಭೆಯ ನಡಾವಳಿಯಲ್ಲಿ ಇಲ್ಲ. ಆದ್ದರಿಂದ ನನಗೆ ಗೊತ್ತಿಲ್ಲ. ಫೋಟೋ ತೆಗೆದರು. ಅಂಚಿನಲ್ಲಿ ಮೊಣಕೈ.

ಬಳಿಕ ಸನ್ಮಾನ. ಇದೊಂದೇ ಅವರ ದೌರ್ಬಲ್ಯ. ಹೆಸರು ಬೇಡ, ಪಟ್ಟಿ ಬೇಡ, ಆದರೆ ಶಾಲು ಬೇಕು. ಭಾವ ಶಾಲು ಹೊದಿಸಿದರು. ಅವರು ಕಣ್ಣು ಅರೆಮುಚ್ಚಿ ಚಪ್ಪಾಳೆ ಅನುಭವಿಸುತ್ತಿರುವಾಗ ನಾನು ಪಕ್ಕಕ್ಕೆ ಹೋಗಿ ನಡಾವಳಿ ಪುಸ್ತಕ ಮುಂದೆ ಹಿಡಿದು, ‘ಸಾಹೇಬ್ರ, ಶಾಲು ಮುಟ್ಟಿದ್ದಕ್ಕ ಒಂದು ಸಹಿ’ ಎಂದೆ. ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ. ವಸ್ತು ಕೊಟ್ಟರೆ ಸಹಿ ತೆಗೆದುಕೊಳ್ಳಬೇಕು, ಅಷ್ಟೆ. ಅವರೂ ಆ ಗುಂಗಿನಲ್ಲಿ ಓದಲಿಲ್ಲ. ಪುಟದ ತಳದಲ್ಲಿ, ತಾರೀಖು ಸಮೇತ, ಅಡಿಗೆರೆ ಎಳೆದು ಸಹಿ ಮಾಡಿದರು. ಅದರ ಮೇಲೆ ನನ್ನ ಕೈಬರಹದಲ್ಲಿ ಹೀಗಿತ್ತು: ‘ಸಂಘ ಸ್ಥಾಪಿಸಲು, ಹನ್ನೊಂದು ಗಾಂಜಾ ಗಿಡ ಹಚ್ಚಲು ಹಾಗೂ ಅವುಗಳನ್ನು ಸದಸ್ಯರಲ್ಲಿ ಹಂಚಲು ಅಮೂಲ್ಯ ಸಲಹೆ ನೀಡಿದ ಮಾನ್ಯರಿಗೆ ಶಾಲು ಒಂದು, ಸುಸ್ಥಿತಿಯಲ್ಲಿ ಮುಟ್ಟಿದೆ.’

ಶಿಷ್ಟಾಚಾರದ ಪ್ರಕಾರ ಊರಿನ ಎಲ್ಲ ಕಚೇರಿಗಳಿಗೂ ಆಮಂತ್ರಣ ಪತ್ರಿಕೆ ಹೋಗಿತ್ತು. ಪೊಲೀಸ್ ಠಾಣೆಗೂ.

ಮೂರನೆಯ ದಿನ ಪಿಎಸ್ಐ ಬಂದರು. ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಅವತ್ತು ನಡೆದದ್ದನ್ನು ಅಕ್ಕ ಹೇಳಿದಂತೆ ಬರೆಯುತ್ತೇನೆ.

‘ಪತ್ರಿಕಿ ನಿನ್ನಿ ಕೈಗ ಬಂತ್ರಿ ಕಾಕಾ. ಕಾರ್ಯಕ್ರಮಕ್ಕ ಬರ್ಲಿಕ್ಕಾಗಲಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ.’

‘ಏ, ಇರ್ಲಿ ಬಿಡ್ರಿ ಸಾಹೇಬ್ರ. ಕುಂದ್ರಿ, ಚಾ ತಗೊಳ್ರಿ’ ಎಂದರಂತೆ ಭಾವ.

‘ಚಾ ಆಮ್ಯಾಲ. ಆ ಸಸಿ ಒಂದು ತೋರಸ್ತೀರೇನು?’

ಒಂದೇನು, ಭಾವ ಹಿತ್ತಲಿಗೆ ಕರೆದುಕೊಂಡು ಹೋಗಿ ಹನ್ನೊಂದೂ ತೋರಿಸಿದರು. ಯಾವುದಕ್ಕೆ ಹುಳ ಬಿದ್ದಿದೆ ಎಂಬುದನ್ನೂ ಹೇಳಿದರು. ಕಾನ್‌ಸ್ಟೇಬಲ್ ಗಿಡ ಎಣಿಸತೊಡಗಿದಾಗ ಮಾತ್ರ ಸಂಶಯ ಬಂದು, ಜೇಬಿನಿಂದ ಕಾರ್ಡು ತೆಗೆದು ಕೊಟ್ಟರು. ಪಿಎಸ್ಐ ಅದನ್ನು ಹಿಂದೆ ಮುಂದೆ ತಿರುವಿ ನೋಡಿದರು.

‘ಕಾಕಾ, ಇದು ಲೈಸೆನ್ಸ್ ಅಲ್ಲ. ಗುನ್ಹೆ ಮಾಡೀನಿ ಅಂತ ನೀವೇ ಬರಕೊಟ್ಟೀರಿ. ಮಳಿಗೆ ತೊಯ್ಯಬಾರದಂತ ಲ್ಯಾಮಿನೇಷನ್ ಬ್ಯಾರೆ ಮಾಡಿಸೀರಿ.’

ಯಾರು ಹೇಳಿಕೊಟ್ಟರು ಎಂದು ಜೀಪಿನಲ್ಲಿ, ಠಾಣೆಯಲ್ಲಿ, ಮರುದಿನವೂ ಕೇಳಿದರು. ಭಾವ ಒಬ್ಬರ ಹೆಸರೂ ಹೇಳಲಿಲ್ಲ. ‘ಹಿತ್ತಲ ನಂದು, ಗಿಡ ನಾ ಹಚ್ಚೀನಿ’ ಎಂದರು. ಆಮಂತ್ರಣ ಪತ್ರಿಕೆಯಲ್ಲಿ ಸಂಘದ ಹೆಸರು ಬಿಟ್ಟರೆ ಯಾರ ಹೆಸರೂ ಇರಲಿಲ್ಲ, ಹಾಗಾಗಿ ಒಂಟಿ ಬೆಳೆಗಾರನೆಂದು ಕೇಸು ಬಿತ್ತು. ಕಲಬುರಗಿ ಜೈಲಿಗೆ ಹೋದರು.

ನಡಾವಳಿ ಪುಸ್ತಕ ವಾಡಿಯಲ್ಲಿ ನನ್ನ ಟ್ರಂಕಿನಲ್ಲಿತ್ತು. ಸಲಹೆಗಾರರು ಮರುದಿನ ಬೆಳಗಿನ ರೈಲಿಗೇ ಬಂದರು. ಭಾವ ಹೇಗಿದ್ದಾರೆ ಎಂದು ಕೇಳಲಿಲ್ಲ. ಚಾ ಬೇಡ ಎಂದರು. ಆಗಲೇ ಅವರಿಗೆ ಆ ಶಾಲಿನ ನೆನಪು ಬಂದಿತ್ತೆಂದು ತೋರುತ್ತದೆ.

‘ಆ ಬುಕ್ ಸುಟ್ಟುಬಿಡ್ರಿ. ನಿಮ್ಮ ಒಳ್ಳೇದಕ್ಕ ಹೇಳ್ಲಿಕತ್ತೀನಿ. ಇದು ನನ್ನ ಸಲಹೆ.’

‘ಈ ಸಲಹೆನೂ ನಡಾವಳಿಯೊಳಗ ಬರೀಲೇನ್ರಿ?’ ಎಂದೆ.

ಅವರು ಎದ್ದುಹೋದರು. ನಾನೇನೋ ಭಾರಿ ಗೆದ್ದವನಂತೆ ಕೂತೆ. ಆದರೆ ಪುಸ್ತಕವನ್ನು ಟ್ರಂಕಿನಿಂದ ಹೊರಗೆ ತೆಗೆಯಲಿಲ್ಲ. ತೆಗೆದರೆ ಅದರಲ್ಲಿ ಅವರದೊಂದು ಸಹಿ, ನನ್ನವು ಪುಟಕ್ಕೊಂದು. ಅವರನ್ನು ಬೈಯುತ್ತ ಇಪ್ಪತ್ತು ದಿನ ನಾನೂ ಅವರಂತೆಯೇ ಫೋಟೋದ ಅಂಚಿನಲ್ಲಿ ನಿಂತಿದ್ದೆ.

ಅಕ್ಕ ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

‘ತಮ್ಮಾ, ಬರದಾಂವ ನೀ. ಬರಸಿದಾಂವ ಅಂವ. ಓದ್ಲಿಕ್ಕ ಬಾರದಾಂವ ಜೈಲಿನಾಗ ಹ್ಯಾಂಗ ಕುಂತಾನ? ಅಷ್ಟ ಹೇಳು ನಂಗ.’

ಅಂದೇ ಸುಲೇಪೇಟದಲ್ಲಿ ಸಭೆ ಸೇರಿಸಿದೆ. ಅಧ್ಯಕ್ಷರ ಗೈರುಹಾಜರಿಗೆ ಕಾರಣ ನಮೂದಿಸಿದೆ: ಜೈಲು. ಪುಸ್ತಕ ಕೊಟ್ಟರೆ ಆರೂ ಜನ ಆರೋಪಿಗಳಾಗುತ್ತೇವೆ, ಆದರೆ ಭಾವ ಒಬ್ಬರೇ ಉಳಿಯುವುದಿಲ್ಲ, ಮತ್ತು ಆ ಮೊಣಕೈಗೆ ಒಂದು ಮುಖ ಬರುತ್ತದೆ ಎಂದು ವಿವರಿಸಿದೆ.  ಮಹಬೂಬ್ ಹೇಳಿದ: ‘ಚಿಲುಮಿ ಎಲ್ಲಾರೂ ಕೂಡೇ ಸೇದೀವಿ. ಜೈಲಿಗಿ ಅಣ್ಣಾ ಒಬ್ರೇ ಯಾಕ? ಕೊಡ್ರಿ ಬುಕ್ಕು.’ ಸರ್ವಾನುಮತದಿಂದ ಅಂಗೀಕರಿಸಲಾಯಿತು. ಆರೂ ಜನ ಸಹಿ ಮಾಡಿ, ಆರೂ ಜನ ನಡೆದುಕೊಂಡೇ ಠಾಣೆಗೆ ಹೋಗಿ ಪುಸ್ತಕ ಕೊಟ್ಟೆವು. ಮುಟ್ಟಿದ್ದಕ್ಕೆ ಪಿಎಸ್ಐ ಅವರಿಂದ ಸಹಿ ತೆಗೆದುಕೊಂಡೆ.

ಉಳಿದವರಿಗೆ ಬೇಗನೆ ಜಾಮೀನು ಸಿಕ್ಕಿತು, ಭಾವ ಮಾತ್ರ ನಾಲ್ಕು ತಿಂಗಳಿಗೆ ಜಾಮೀನಿನ ಮೇಲೆ ಹೊರಬಂದರು. ಹೊಸ ಚಾರ್ಜ್‌ಶೀಟಿನಲ್ಲಿ ಎಂಟು ಆರೋಪಿಗಳು. ಒಂದರಿಂದ ಏಳು, ಸದಸ್ಯರು. ಎಂಟನೆಯವರು ಅವರು. ಮೊದಲ ದಿನವೇ ಕಟಕಟೆಯಲ್ಲಿ ನಿಂತು, ‘ನಾ ಮೆಂಬರ್ ಅಲ್ಲ ಸ್ವಾಮಿ, ಲಿಸ್ಟ್ ನೋಡ್ರಿ’ ಎಂದರು. ನ್ಯಾಯಾಧೀಶರು ಪಟ್ಟಿ ನೋಡಿದರು, ಶಾಲಿನ ಪುಟವನ್ನೂ ನೋಡಿದರು. ಎರಡನ್ನೂ ಬದಿಗಿಟ್ಟು ಮುಂದಿನ ತಾರೀಖು ಕೊಟ್ಟರು.

ಅಲ್ಲಿಂದ ಶುರುವಾಯಿತು ಕಲಬುರಗಿ ಕೋರ್ಟಿಗೆ ನಮ್ಮ ರೈಲು ಪ್ರಯಾಣ. ಅವರು ಸೇಡಂನಲ್ಲಿ ಹತ್ತುವರು, ನಾನು ವಾಡಿಯಲ್ಲಿ. ಮೊದಲ ತಾರೀಖಿನಂದು ಬೋಗಿ ತುಂಬಿ ತುಳುಕುತ್ತಿತ್ತು. ನೋಡಿದರೆ ಅವರ ಪಕ್ಕದಲ್ಲಿ ಒಂದು ಟವೆಲ್ ಹಾಸಿದೆ. ‘ಬರ್ರಿ, ನಿಮಗಂತ ಹಿಡದಿಟ್ಟೀನಿ’ ಎಂದರು. ಎಂಥ ನಾಚಿಕೆಗೇಡಿ ಮನುಷ್ಯ ಎಂದುಕೊಂಡೆ. ಕೂತುಕೊಂಡೆ. ಮೊಣಕಾಲು ನೋಯುತ್ತಿತ್ತು.

ಕೂತಿದ್ದಕ್ಕೆ ಪ್ರತಿಯಾಗಿ ಒಂದು ಸೇಡು ಕಂಡುಕೊಂಡೆ. ಪರದೇಶದ ಕ್ಲಬ್ಬುಗಳ ನಿಯಮಗಳ ಒಂದು ಪ್ರತಿಯನ್ನು ಅವರೇ ಕಂಪ್ಯೂಟರ್ ಅಂಗಡಿಯಲ್ಲಿ ತೆಗೆಸಿ ನನಗೆ ಕೊಟ್ಟಿದ್ದರು. ಮಗ್ಗುಲ ಮನೆಯ ಲೆಕ್ಚರರ ಸಹಾಯದಿಂದ ಅದನ್ನು ಕನ್ನಡಕ್ಕಿಳಿಸಿ, ತಾರೀಖಿಗೊಂದು ನಿಯಮದಂತೆ ಅವರ ಕಿವಿಯ ಹತ್ತಿರ ಗಟ್ಟಿಯಾಗಿ ಓದತೊಡಗಿದೆ. ಮೊದಲು ಸರಕಾರದ ಪರವಾನಗಿ, ಆಮೇಲೆ ಬೀಜ. ಆ ದೇಶದಲ್ಲಿ ಮನೆ ಮಾಡಿಕೊಂಡವರಿಗೆ ಮಾತ್ರ ಸದಸ್ಯತ್ವ, ಪರವೂರಿನವರು ಬಾಗಿಲು ತಟ್ಟಿದರೆ ಇಲ್ಲ. ಬೋರ್ಡು ಹಾಕಿ ಜಾಹೀರಾತು ಮಾಡಕೂಡದು. ಕಾರ್ಡು ಇದ್ದವರೂ ಕ್ಲಬ್ಬಿನ ಕಟ್ಟಡದಲ್ಲಿ ಕೂತು ಸೇದಕೂಡದು.

‘ಅಂದ್ರ ಸಾಹೇಬ್ರ, ನಮ್ಮ ಕ್ಲಬ್ ಆ ದೇಶದಾಗ ಇದ್ರೂ ಜೈಲಿಗೇ ಹೋಗ್ತಿದ್ವಿ. ನೀವು ಇದನ್ನ ಓದಿದ್ರೇನು?’

‘ಇಂಗ್ಲಿಷ್ ಭಾಳ ಇತ್ತು’ ಎಂದರು. ‘ಫೋಟೋ ನೋಡಿದ್ದೆ.’

ಶಹಾಬಾದ್ ದಾಟಿದ ಮೇಲೆ ಬುತ್ತಿ ಬಿಚ್ಚಿ ಗರಿಗರಿ ಕಟಕ ರೊಟ್ಟಿ, ಅದಕ್ಕೆ ನಂಚಿಕೊಳ್ಳಲು ಶೇಂಗಾ ಹಿಂಡಿ ಮುಂದಿಡುವರು. ನಾನು ಒಂದು ತಾರೀಖು ತಿನ್ನಲಿಲ್ಲ, ಎರಡನೆಯದಕ್ಕೂ ತಿನ್ನಲಿಲ್ಲ. ಮೂರನೆಯದಕ್ಕೆ ತಿಂದೆ. ಹಿಂಡಿ ಚೆನ್ನಾಗಿತ್ತು ಎಂಬುದನ್ನು ದಾಖಲೆಯ ಶುದ್ಧಿಗಾಗಿ ಬರೆಯುತ್ತಿದ್ದೇನೆ, ಕ್ಷಮೆಯೆಂದು ಯಾರೂ ತಿಳಿಯಬಾರದು.

ಒಮ್ಮೆ ಮಾತ್ರ, ನಾನು ಕೇಳದೆಯೇ, ಕಿಟಕಿಯ ಕಡೆ ನೋಡುತ್ತ ಹೇಳಿದರು: ‘ನಮ್ಮಪ್ಪ ಒಂದು ಸಂಘದಾಗ ಮೆಂಬರ್ ಇದ್ದ. ಸಂಘ ಮುಳಗ್ತು. ದೊಡ್ಡ ಮಂದಿ ಎಲ್ಲಾ ತಪ್ಪಿಸ್ಕೊಂಡ್ರು. ಸಹಿ ಮಾಡಿದಾಂವ ಅಂತ ನಮ್ಮಪ್ಪ ಒಬ್ಬನೇ ಸಿಕ್ಕ. ಅವತ್ತ ಆಣಿ ಮಾಡೀನಿ.’

ನನಗೆ ಕನಿಕರ ಬಂತು. ಮುಂದಿನ ಸ್ಟೇಷನ್ ಬರುವವರೆಗೆ ಇತ್ತು. ಆಮೇಲೆ ತಿಳಿಯಿತು: ಈ ಮನುಷ್ಯ ತಮ್ಮಪ್ಪನಿಗಾದ ಅನ್ಯಾಯವನ್ನು ಮರೆತಿರಲಿಲ್ಲ, ಅದನ್ನು ಚೆನ್ನಾಗಿ ಕಲಿತುಕೊಂಡು ನಮ್ಮ ಭಾವನ ಮೇಲೆ ಪ್ರಯೋಗಿಸಿದ್ದರು.

ಜೈಲಿನಿಂದ ಬಂದಮೇಲೆ ಭಾವ ಹಾಡಿಲ್ಲ. ಏಕತಾರಿ ಗೂಟಕ್ಕೆ ನೇತಾಡುತ್ತಿದೆ. ಮಹಬೂಬ್ ಬಂದು ದಪ್ಪು ಬಾರಿಸಿ ನೋಡುತ್ತಾನೆ, ಪದದ ಮೊದಲ ಸಾಲು ತಾನೇ ತಪ್ಪಾಗಿ ಎತ್ತಿ ಕೆಣಕುತ್ತಾನೆ. ಭಾವ ತಿದ್ದುವುದೂ ಇಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ನಾನು ಹೇಳಬೇಕೆಂದಿದ್ದ ಎರಡು ಮಾತು ಇದೇ. ಒಂಬತ್ತು ಜನ ಅವರನ್ನು ಸಂಘಜೀವಿ ಎಂದು ಕೊಂಡಾಡಿದರು. ಒಂದು ಕಂಠ ನಿಂತುಹೋದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಸಾವು ಬಂದದ್ದೂ ಅವರ ಸ್ವಭಾವಕ್ಕೆ ತಕ್ಕಂತೆಯೇ. ಸಾಕ್ಷಿ ವಿಚಾರಣೆ ಮುಗಿಯುವ ಹೊತ್ತಿಗೆ, ಮನೆಯಲ್ಲಿ ಚಾ ಕುಡಿದು ಕುರ್ಚಿಗೆ ಒರಗಿದವರು ಏಳಲಿಲ್ಲ. ಸತ್ತ ಆರೋಪಿಯ ಮೇಲಿನ ಕೇಸು ತಾನಾಗಿಯೇ ಮುಗಿಯುತ್ತದೆ ಎಂದು ವಕೀಲರು ಹೇಳಿದರು. ತೀರ್ಪಿನ ಫೋಟೋ ತೆಗೆಯುವ ಮುನ್ನ ಮತ್ತೆ ಅರ್ಧ ಹೆಜ್ಜೆ ಪಕ್ಕಕ್ಕೆ. ಈ ಸಲ ಮೊಣಕೈಯೂ ಉಳಿಯಲಿಲ್ಲ.

ಇದನ್ನು ನನಗೆ ಸಹಿಸಲಾಗಲಿಲ್ಲ. ಶ್ರದ್ಧಾಂಜಲಿಯ ಮರುದಿನ ಸುಲೇಪೇಟದಲ್ಲಿ ಸಂಘದ ತುರ್ತು ಸಭೆ ಕರೆದೆ. ಹಳೆಯ ಪುಸ್ತಕ ಕೋರ್ಟಿನಲ್ಲಿರುವುದರಿಂದ ಹೊಸ ಪುಸ್ತಕ, ಮೊದಲ ಪುಟ. ಠರಾವು ಒಂದು: ‘ಮಾನ್ಯ ಸಲಹೆಗಾರರಿಗೆ ಮರಣೋತ್ತರವಾಗಿ ಸಂಘದ ಪೂರ್ಣ ಸದಸ್ಯತ್ವ ನೀಡಿ ಗೌರವಿಸಲಾಗಿದೆ. ಸದಸ್ಯತ್ವ ಸಂಖ್ಯೆ ಎಂಟು.’ ಅರ್ಜಿದಾರರ ಸಹಿಯ ಜಾಗದಲ್ಲಿ ‘ಹಳೆಯ ಪುಸ್ತಕದ ಶಾಲಿನ ಪುಟ ನೋಡಿ’ ಎಂದು ಬರೆದೆ. ಮಹಬೂಬ್ ಅನುಮೋದಿಸಿದ. ಭಾವ ಪುಟವನ್ನು ನನ್ನಿಂದ ಇನ್ನೊಮ್ಮೆ ಓದಿಸಿ ಕೇಳಿ, ‘ಸತ್ತಾವ್ರ ಮ್ಯಾಲ ಹಿಂಗ ಸಿಟ್ಟು ಬ್ಯಾಡ’ ಎಂದರು. ಆದರೆ ಅಕ್ಕ ಒಳಗಿನಿಂದ, ‘ಸಹಿ ಮಾಡ್ರಿ’ ಎಂದಳು. ಮಾಡಿದರು. ಕಾರ್ಡೂ ಮಾಡಿಸಿದೆ. ಫೋಟೋಕ್ಕೆ ಸಿಕ್ಕಿದ್ದು ಆ ಮೊಣಕೈ ಮತ್ತು ಗಡಿಯಾರ. ಲ್ಯಾಮಿನೇಷನ್ ಚೆನ್ನಾಗಿ ಬಂದಿದೆ.

ಮುಂದಿನ ತಾರೀಖಿಗೆ ವಾಡಿಯಲ್ಲಿ ರೈಲು ಹತ್ತಿದೆ. ಟವೆಲ್ ಎಲ್ಲಿಯೂ ಕಾಣಲಿಲ್ಲ. ಓದಲು ಒಂದು ನಿಯಮ ಬಾಕಿ ಇತ್ತು. ಕಲಬುರಗಿಯವರೆಗೆ ಅದನ್ನು ಜೇಬಿನಲ್ಲಿಟ್ಟುಕೊಂಡು ನಿಂತೇ ಹೋದೆ.

ಮರಣದ ವರದಿ ಇನ್ನೂ ಫೈಲಿಗೆ ಸೇರಿರಲಿಲ್ಲ. ಕೋರ್ಟಿನ ಜವಾನ ಎಂದಿನಂತೆ ಒಬ್ಬೊಬ್ಬರನ್ನೇ ಕೂಗಿದ. ಏಳೂ ಜನ ಕೈ ಎತ್ತಿದೆವು. ಎಂಟನೆಯ ಹೆಸರು ಮೂರು ಸಲ ಕೂಗಿದ. ಯಾರೂ ಏಳಲಿಲ್ಲ. ನ್ಯಾಯಾಧೀಶರು ತಲೆ ಎತ್ತಿದರು.

ನಾನು ಎದ್ದು ನಿಂತೆ. ಟೈಮ್ ಆಫೀಸಿನಲ್ಲಿ ಹಾಜರಿ ಕೂಗಿದ ಅದೇ ದನಿಯಲ್ಲಿ, ಇಡೀ ಕೋರ್ಟಿಗೆ ಕೇಳುವಂತೆ ಹೇಳಿದೆ:

‘ನಮ್ಮ ಸಂಘದ ಎಂಟನೇ ಸದಸ್ಯರು ತೀರಿಕೊಂಡಾರ್ರಿ ಸ್ವಾಮಿ.’

ಆಕ್ಷೇಪಣೆ ಎತ್ತಲು ಅವರು ಇರಲಿಲ್ಲ. ಬೆಂಚ್ ಕ್ಲಾರ್ಕ್ ತಲೆ ಬಗ್ಗಿಸಿ ಬರೆದುಕೊಂಡ.